ಟ್ವೈಲೈಟ್ ಸ್ಟ್ರಗಲ್ ತಲೆಗೆ ಹತ್ತುತ್ತಿಲ್ಲ, ಏನು ಮಾಡಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಟ್ವೈಲೈಟ್ ಸ್ಟ್ರಗಲ್ ಅನ್ನುವ ಈ ಬೋರ್ಡ್ ಆಟ ಕಲಿಯಲು ಹೊರಟವರು ನಮ್ಮ ಗುಂಪಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟರೆ ಅರ್ಧಕ್ಕೇ ಕೈಬಿಟ್ಟವರು ಮತ್ತೆ ಪೆಟ್ಟಿಗೆ ತೆರೆಯಬಹುದು ಅನ್ನುವ ಆಸೆಯಿಂದ ಬರೆದಿದ್ದೇನೆ. ಎಲ್ಲವನ್ನೂ ಒಂದೇ ಸಲ ಓದಬೇಕಿಲ್ಲ. ನಿಮಗೆ ಸಿಕ್ಕಿಹಾಕಿಕೊಂಡ ಜಾಗ ಯಾವುದೋ ಅಲ್ಲಿಂದ ಓದಿ.

ಇದು ಎಂತ ಆಟ? ಚುಟುಕಾಗಿ ಹೇಳಿ.

ಶೀತಲ ಸಮರದ ಆಟ. 1945ರಿಂದ 1989ರವರೆಗಿನ ಕಾಲ. ಇಬ್ಬರು ಆಡುವುದು, ಒಬ್ಬರು ಅಮೆರಿಕ, ಇನ್ನೊಬ್ಬರು ಸೋವಿಯತ್ ಒಕ್ಕೂಟ. ಅನಂದಾ ಗುಪ್ತಾ ಮತ್ತು ಜೇಸನ್ ಮ್ಯಾಥ್ಯೂಸ್ ಸೇರಿ ಮಾಡಿದ್ದು, 2005ರಲ್ಲಿ ಜಿಎಂಟಿ ಗೇಮ್ಸ್ ಹೊರತಂದಿತು. ಪ್ರಪಂಚದ ನಕ್ಷೆಯ ಮೇಲೆ ದೇಶಗಳಲ್ಲಿ ನಿಮ್ಮ ಪ್ರಭಾವ ಬೆಳೆಸುತ್ತಾ ಹೋಗಬೇಕು. ಒಟ್ಟು 10 ಸುತ್ತು. ಅಂಕಗಳ ಪಟ್ಟಿಯಲ್ಲಿ ಯಾರು 20 ಮುಟ್ಟುತ್ತಾರೋ ಅವರು ಅಲ್ಲೇ ಗೆದ್ದರು. ಯಾರೂ ಮುಟ್ಟದಿದ್ದರೆ ಹತ್ತನೇ ಸುತ್ತಿನ ಕೊನೆಯಲ್ಲಿ ಎಲ್ಲ ಪ್ರದೇಶಗಳ ಲೆಕ್ಕ ಹಾಕಿ ತೀರ್ಮಾನ.

ನಿಯಮದ ಪುಸ್ತಕ ಎರಡು ಸಲ ಓದಿದೆ, ಏನೂ ಹತ್ತಲಿಲ್ಲ. ನನ್ನಿಂದ ಆಗೋದಿಲ್ವಾ?

ಆಗುತ್ತದೆ ಮಾರಾಯ್ರೆ. ಈ ಆಟದ ನಿಯಮಗಳು ನಿಜವಾಗಿ ತುಂಬಾ ಇಲ್ಲ. ಕೈಯಲ್ಲಿರುವ ಒಂದು ಕಾರ್ಡ್ ಇಳಿಸಬೇಕು. ಅದರ ಮೇಲಿನ ಅಂಕಿ ಬಳಸಿ ಪ್ರಭಾವ ಇಡಬಹುದು, ಕ್ಷಿಪ್ರಕ್ರಾಂತಿ ಮಾಡಬಹುದು (ನಾವೆಲ್ಲ ‘ಕೂ’ ಅಂತಲೇ ಹೇಳುವುದು), ಎದುರಾಳಿಯ ಪ್ರಭಾವ ಕಡಿಮೆ ಮಾಡಲು ದಾಳ ಹಾಕಬಹುದು, ಇಲ್ಲವೇ ಕಾರ್ಡನ್ನು ಬಾಹ್ಯಾಕಾಶ ಓಟಕ್ಕೆ ಕಳಿಸಬಹುದು. ಅದು ಬೇಡ ಅಂದರೆ ಕಾರ್ಡ್‌ನಲ್ಲಿ ಬರೆದ ಘಟನೆಯನ್ನೇ ನಡೆಸಬಹುದು. ಒಂದು ಸರದಿಯಲ್ಲಿ ಮಾಡುವುದು ಇಷ್ಟೇ.

ಕಷ್ಟ ಇರುವುದು ಕಾರ್ಡ್‌ಗಳಲ್ಲಿ. ಡೀಲಕ್ಸ್ ಆವೃತ್ತಿಯಲ್ಲಿ 110 ಕಾರ್ಡ್. ಪ್ರತಿಯೊಂದರ ಮೇಲೂ ಬೇರೆ ಬೇರೆ ಬರಹ. ಯಾವ ಕಾರ್ಡ್ ಎಲ್ಲಿ ಹೊಡೆಯುತ್ತದೆ ಅಂತ ಗೊತ್ತಿಲ್ಲದೆ ನಿಯಮ ಎಷ್ಟು ಓದಿದರೂ ಆಟ ಕಣ್ಣಿಗೆ ಕಟ್ಟುವುದಿಲ್ಲ. ಹಾಗಾಗಿ ಪುಸ್ತಕ ಮೂರನೇ ಸಲ ಓದುವುದು ಬೇಡ. ಆಡಿಯೇ ಕಲಿಯಬೇಕು, ಒಬ್ಬರೇ ಜೊತೆಗಾರರೊಂದಿಗೆ ಮತ್ತೆ ಮತ್ತೆ ಆಡಬೇಕು. ಈ ಪುಟದಲ್ಲಿ ನಾನು ಮುಖ್ಯವಾಗಿ ಹೇಳುವುದು ಇದನ್ನೇ.

ಚೆಸ್ ಚೆನ್ನಾಗಿ ಬರುತ್ತದೆ, ಆಟಿಯಲ್ಲಿ ಅಜ್ಜಿ ಜೊತೆ ಚೆನ್ನೆಮಣೆ ಆಡಿ ಬೆಳೆದವನು. ಆದರೂ ಇದರಲ್ಲಿ ಮಂಡೆಬಿಸಿ ಆಗುತ್ತದೆ, ಯಾಕೆ?

ಚೆನ್ನೆಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಬೀಜ. ಎಲ್ಲವೂ ಇಬ್ಬರ ಕಣ್ಣೆದುರಿಗೇ ಇದೆ. ಲೆಕ್ಕ ಹಾಕುವ ತಾಳ್ಮೆ ಇದ್ದರೆ ಉತ್ತರ ಸಿಗುತ್ತದೆ. ಚೆಸ್ಸೂ ಹಾಗೇ. ಇಲ್ಲಿ ನಕ್ಷೆ ಕಾಣುತ್ತದೆ, ಎದುರಿನವರ ಕೈಯ ಕಾರ್ಡ್ ಕಾಣುವುದಿಲ್ಲ. ಜೊತೆಗೆ ದಾಳವೂ ಇದೆ. ಆದ್ದರಿಂದ ಸರಿಯಾದ ಒಂದೇ ನಡೆ ಹುಡುಕುತ್ತಾ ಕೂತರೆ ಸುಸ್ತಾಗುತ್ತದೆ. ಕೈಯಲ್ಲಿರುವ ಎಂಟು ಕಾರ್ಡ್‌ಗಳಲ್ಲಿ ನಿಮಗೆ ಹಾನಿ ಮಾಡುವುದು ಯಾವುದು, ಅದನ್ನು ಯಾವಾಗ ಇಳಿಸಿದರೆ ಪೆಟ್ಟು ಕಡಿಮೆ ಅಂತ ಮೊದಲು ಯೋಚಿಸಿ. ಚೆಸ್ ಆಟಗಾರರಿಗೆ ಈ ಅಭ್ಯಾಸ ಬರಲು ಸ್ವಲ್ಪ ಸಮಯ ಬೇಕು, ಬಂದ ಮೇಲೆ ಅವರ ಲೆಕ್ಕದ ಬುದ್ಧಿ ಭಾರೀ ಉಪಯೋಗಕ್ಕೆ ಬರುತ್ತದೆ.

ಮೊದಲ ದಿನ ಎಲ್ಲಿಂದ ಶುರು ಮಾಡುವುದು?

ಹತ್ತು ಸುತ್ತು ಆಡಲು ಹೋಗಲೇಬೇಡಿ. ಮೊದಲ ಮೂರು ಸುತ್ತು ಮಾತ್ರ ಆಡಿ, ನಿಲ್ಲಿಸಿ, ಮತ್ತೆ ಮೊದಲಿನಿಂದ ಜೋಡಿಸಿ ಅದೇ ಮೂರು ಸುತ್ತು ಆಡಿ. ಇದಕ್ಕೆ ಕಾರಣ ಇದೆ. ಕಾರ್ಡ್‌ಗಳು ಮೂರು ಕಾಲಕ್ಕೆ ಹಂಚಿಹೋಗಿವೆ: ಅರ್ಲಿ ವಾರ್, ಮಿಡ್ ವಾರ್, ಲೇಟ್ ವಾರ್. ಮೊದಲ ಮೂರು ಸುತ್ತಿನಲ್ಲಿ ಅರ್ಲಿ ವಾರ್ ಕಾರ್ಡ್‌ಗಳು ಮಾತ್ರ ಇರುತ್ತವೆ. ಆಗ ಅಂಕ ಸಿಗುವುದು ಯುರೋಪ್, ಏಷ್ಯಾ, ಮಧ್ಯಪ್ರಾಚ್ಯ ಈ ಮೂರು ಕಡೆಯಿಂದ ಮಾತ್ರ. ಆಫ್ರಿಕಾ, ದಕ್ಷಿಣ ಅಮೆರಿಕ, ಮಧ್ಯ ಅಮೆರಿಕ, ಆಗ್ನೇಯ ಏಷ್ಯಾದ ಅಂಕದ ಕಾರ್ಡ್‌ಗಳು (ಇಳಿಸಿದಾಗ ಆ ಪ್ರದೇಶದ ಅಂಕ ಲೆಕ್ಕ ಹಾಕುವ ಕಾರ್ಡ್‌ಗಳು) ನಾಲ್ಕನೇ ಸುತ್ತಿಗೆ ಬರುತ್ತವೆ. ಅಂದರೆ ಅರ್ಧ ನಕ್ಷೆಯ ಚಿಂತೆ ಸದ್ಯಕ್ಕೆ ಬೇಡ.

ಶುರುವಿನಲ್ಲಿ ಸೋವಿಯತ್ ಆಟಗಾರರು ಪೂರ್ವ ಯುರೋಪಿನಲ್ಲಿ 6, ಅಮೆರಿಕದ ಆಟಗಾರರು ಪಶ್ಚಿಮ ಯುರೋಪಿನಲ್ಲಿ 7 ಪ್ರಭಾವದ ಬಿಲ್ಲೆ ತಮಗೆ ಬೇಕಾದಲ್ಲಿ ಇಡಬೇಕು. ಹೊಸಬರು ಇಲ್ಲೇ ಅರ್ಧ ಗಂಟೆ ಕೂತುಬಿಡುತ್ತಾರೆ. ಅದರ ಬದಲು ಇದನ್ನು ಹಾಗೇ ತಗೊಳ್ಳಿ: ಸೋವಿಯತ್‌ಗೆ ಪೋಲೆಂಡ್‌ನಲ್ಲಿ 4, ಪೂರ್ವ ಜರ್ಮನಿಯಲ್ಲಿ 1, ಯುಗೊಸ್ಲಾವಿಯಾದಲ್ಲಿ 1. ಅಮೆರಿಕಕ್ಕೆ ಪಶ್ಚಿಮ ಜರ್ಮನಿಯಲ್ಲಿ 4, ಇಟಲಿಯಲ್ಲಿ 3. ಯಾಕೆ ಹೀಗೆ ಅನ್ನುವುದು ಆಡುತ್ತಾ ಆಡುತ್ತಾ ತಾನಾಗಿ ಗೊತ್ತಾಗುತ್ತದೆ.

‘ಕೂ’ ಲೆಕ್ಕ ಹೇಗೆ? ಪ್ರತಿ ಸಲ ತಪ್ಪುತ್ತದೆ.

ಒಂದು ಉದಾಹರಣೆ ಸರಿಯಾಗಿ ನೋಡಿದರೆ ಸಾಕು. ಮೊದಲ ಸುತ್ತು, ಸೋವಿಯತ್ ಸರದಿ. ಇರಾನ್‌ನಲ್ಲಿ ಅಮೆರಿಕದ ಪ್ರಭಾವ 1 ಇದೆ. ಇರಾನ್‌ನ ಸ್ಥಿರತೆಯ ಅಂಕಿ 2. ಸೋವಿಯತ್ ಆಟಗಾರರು 4 ಅಂಕಿಯ ಕಾರ್ಡ್ ಇಳಿಸಿ ಇರಾನ್‌ನಲ್ಲಿ ಕೂ ಅನ್ನುತ್ತಾರೆ. ದಾಳದಲ್ಲಿ ಬಿದ್ದದ್ದು 4 ಅಂತ ಇಟ್ಟುಕೊಳ್ಳಿ. ಕಾರ್ಡ್‌ನ 4 ಸೇರಿಸಿದರೆ 8. ಸ್ಥಿರತೆಯ ಎರಡರಷ್ಟು, ಅಂದರೆ 4, ಕಳೆಯಿರಿ. ಉಳಿದದ್ದು 4. ಅದರಲ್ಲಿ ಮೊದಲು ಎದುರಾಳಿಯ ಪ್ರಭಾವ ತೆಗೆಯಬೇಕು, ಅಲ್ಲಿದ್ದ 1 ಹೋಯಿತು. ಉಳಿದ 3 ನಿಮ್ಮದಾಗಿ ಒಳಗೆ ಬರುತ್ತದೆ. ಈಗ ಇರಾನ್‌ನಲ್ಲಿ ಸೋವಿಯತ್ 3, ಅಮೆರಿಕ ಸೊನ್ನೆ. ಎದುರಾಳಿಗಿಂತ ಸ್ಥಿರತೆಯ ಅಂಕಿಯಷ್ಟಾದರೂ ಜಾಸ್ತಿ ಇದ್ದರೆ ಆ ದೇಶ ನಿಮ್ಮ ಹಿಡಿತದಲ್ಲಿ. ಇಲ್ಲಿ 2 ಸಾಕಿತ್ತು, 3 ಇದೆ.

ಇರಾನ್ ‘ಬ್ಯಾಟಲ್‌ಗ್ರೌಂಡ್’ ದೇಶ, ಅಂದರೆ ಅಂಕದ ಲೆಕ್ಕದಲ್ಲಿ ತೂಕ ಜಾಸ್ತಿ ಇರುವ ದೇಶ. ಅಲ್ಲಿ ಕೂ ಮಾಡಿದ ಕೂಡಲೇ, ಅಣುಯುದ್ಧ ಎಷ್ಟು ಹತ್ತಿರ ಅಂತ ತೋರಿಸುವ ಡೆಫ್‌ಕಾನ್ ಒಂದು ಮೆಟ್ಟಿಲು ಇಳಿಯುತ್ತದೆ, 5 ಇದ್ದದ್ದು 4 ಆಯಿತು. ಡೆಫ್‌ಕಾನ್ 4ಕ್ಕೆ ಬಂದರೆ ಯುರೋಪಿನಲ್ಲಿ ಕೂ ಇಲ್ಲ. 3ಕ್ಕೆ ಬಂದರೆ ಏಷ್ಯಾದಲ್ಲೂ ಇಲ್ಲ. 2ಕ್ಕೆ ಬಂದರೆ ಮಧ್ಯಪ್ರಾಚ್ಯದಲ್ಲೂ ಇಲ್ಲ.

ಮೊದಲ ಕೂ ಇರಾನ್‌ನಲ್ಲೇ ಯಾಕೆ? ನಕ್ಷೆಯ ಗೆರೆಗಳನ್ನು ಬೆರಳಿಟ್ಟು ನೋಡಿ. ಇರಾನ್‌ನಿಂದ ಪಾಕಿಸ್ತಾನ, ಪಾಕಿಸ್ತಾನದಿಂದ ಭಾರತ. ಪ್ರಭಾವವನ್ನು ಪಕ್ಕದ ದೇಶದಿಂದ ಪಕ್ಕದ ದೇಶಕ್ಕೇ ದಾಟಿಸಬೇಕು. ಶುರುವಿನಲ್ಲಿ ಅಮೆರಿಕಕ್ಕೆ ಈ ಕಡೆ ಹತ್ತಿರದ ಬಾಗಿಲು ಇರಾನ್. ಆ ಬಾಗಿಲು ಮುಚ್ಚಿದರೆ ಏಷ್ಯಾದ ಎರಡು ಬ್ಯಾಟಲ್‌ಗ್ರೌಂಡ್‌ಗಳಿಗೆ ಹೋಗುವ ದಾರಿಯೇ ಕಷ್ಟ.

ಎದುರಾಳಿಗೆ ಲಾಭ ಕೊಡುವ ಕಾರ್ಡ್ ನನ್ನ ಕೈಗೆ ಬಂದರೆ ಇಟ್ಟುಕೊಂಡು ಕೂತರಾಯಿತು ಅಲ್ವಾ?

ಒಂದನ್ನು ಇಟ್ಟುಕೊಳ್ಳಬಹುದು, ಎಲ್ಲವನ್ನೂ ಅಲ್ಲ. ಆಟದ ಜೀವಾಳವೇ ಇಲ್ಲಿದೆ, ಹಾಗಾಗಿ ನಿಧಾನವಾಗಿ ಓದಿ.

ಸೋವಿಯತ್ ಘಟನೆ ಇರುವ ಕಾರ್ಡ್ ಅಮೆರಿಕದ ಕೈಗೆ ಬಂದಿದೆ ಅನ್ನಿ. ಅದರ ಅಂಕಿಯನ್ನು ನೀವು ಬಳಸಿದರೂ ಘಟನೆ ನಡೆದೇ ನಡೆಯುತ್ತದೆ, ಲಾಭ ಅವರಿಗೆ. ಘಟನೆ ಮೊದಲೋ ನಿಮ್ಮ ಅಂಕಿ ಮೊದಲೋ ಅನ್ನುವುದು ಮಾತ್ರ ನಿಮ್ಮ ಇಷ್ಟ. ಈ ಆಯ್ಕೆ ದೊಡ್ಡದು. ಘಟನೆ ಮೊದಲು ನಡೆದರೆ ಅದು ಮಾಡಿದ ಹಾನಿಯನ್ನು ಅದೇ ಕಾರ್ಡ್‌ನ ಅಂಕಿಯಿಂದ ಅಲ್ಲೇ ಸರಿಮಾಡಬಹುದು. ಹೊಸಬರಿಗೆ ನಾನು ಯಾವಾಗಲೂ ಹೇಳುವುದು: ಅನುಮಾನ ಇದ್ದರೆ ಘಟನೆ ಮೊದಲು.

ತಪ್ಪಿಸಿಕೊಳ್ಳುವ ದಾರಿಗಳೂ ಇವೆ. 2 ಅಥವಾ ಹೆಚ್ಚು ಅಂಕಿಯ ಕಾರ್ಡ್ ಆದರೆ ಬಾಹ್ಯಾಕಾಶಕ್ಕೆ ಕಳಿಸಿ, ಘಟನೆ ನಡೆಯುವುದಿಲ್ಲ. ಸುತ್ತಿಗೆ ಒಂದು ಸಲ ಈ ಅವಕಾಶ. ‘ಯುಎನ್ ಇಂಟರ್ವೆನ್ಷನ್’ ಕೈಯಲ್ಲಿದ್ದರೆ ಅದನ್ನು ಕೆಟ್ಟ ಕಾರ್ಡ್ ಜೊತೆ ಇಳಿಸಿ. ಘಟನೆ ರದ್ದಾಗುತ್ತದೆ, ಅಂಕಿ ನಿಮಗೆ ಸಿಗುತ್ತದೆ. ಮೂರನೆಯದು ಲೆಕ್ಕದ ದಾರಿ. ಮೊದಲ ಮೂರು ಸುತ್ತಿನಲ್ಲಿ ಕೈಯಲ್ಲಿ 8 ಕಾರ್ಡ್. ಹೆಡ್‌ಲೈನ್‌ಗೆ (ಸುತ್ತಿನ ಶುರುವಿಗೆ ಇಬ್ಬರೂ ಒಟ್ಟಿಗೆ ಘಟನೆಗಾಗಿ ಇಳಿಸುವ ಕಾರ್ಡ್) ಒಂದು, ಆರು ಸರದಿಗೆ ಆರು. ಒಂದು ಉಳಿಯುತ್ತದೆ. ಆ ಉಳಿದದ್ದು ನಿಮಗೆ ಅತಿ ಕೆಟ್ಟ ಕಾರ್ಡ್ ಆಗಿರಲಿ.

ಆದರೆ ಅಂಕದ ಕಾರ್ಡ್ ಮಾತ್ರ ಇಟ್ಟುಕೊಳ್ಳುವ ಹಾಗಿಲ್ಲ. ಸುತ್ತು ಮುಗಿದಾಗ ಅದು ಕೈಯಲ್ಲಿ ಉಳಿದಿದ್ದರೆ ಆಟ ಸೋತಂತೆ.

ಚೆನ್ನಾಗಿ ಆಡುತ್ತಿದ್ದೆ, ಇದ್ದಕ್ಕಿದ್ದಂತೆ ‘ಅಣುಯುದ್ಧ, ನೀವು ಸೋತಿರಿ’ ಅಂದರು. ಎಂತ ಆಯಿತು?

ಡೆಫ್‌ಕಾನ್ 1ಕ್ಕೆ ಇಳಿಯಿತು. ಆಗ ಯಾರ ಸರದಿ ನಡೆಯುತ್ತಿತ್ತೋ ಅವರು ಸೋಲುತ್ತಾರೆ. ಇಳಿಸಿದವರು ಯಾರು ಅಂತ ನಿಯಮ ಕೇಳುವುದೇ ಇಲ್ಲ. ಜಾಸ್ತಿ ಹೊಸಬರು ಮನಸ್ಸು ಮುರಿದುಕೊಳ್ಳುವುದು ಈ ಜಾಗದಲ್ಲಿ, ಹಾಗಾಗಿ ಇದನ್ನು ಆಟಕ್ಕೆ ಮುಂಚೆಯೇ ಹೇಳಿಕೊಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಕಲಿಸುವವರು ಇದನ್ನು ಬಚ್ಚಿಟ್ಟು ಗೆಲ್ಲುವುದು ಸರಿಯಲ್ಲ.

ಉದಾಹರಣೆಗೆ ‘ಸಿಐಎ ಕ್ರಿಯೇಟೆಡ್’. ಬರೀ 1 ಅಂಕಿಯ ಅಮೆರಿಕದ ಕಾರ್ಡ್, ನೋಡಲು ಸಾಧು. ಸೋವಿಯತ್ ಆಟಗಾರರು ಇದನ್ನು ಇಳಿಸಿದರೆ ತಮ್ಮ ಕೈಯ ಕಾರ್ಡ್‌ಗಳನ್ನು ತೋರಿಸಬೇಕು, ಆಮೇಲೆ ಅಮೆರಿಕಕ್ಕೆ 1 ಅಂಕಿಯ ನಡೆ ಸಿಗುತ್ತದೆ. ಡೆಫ್‌ಕಾನ್ 2 ಇದ್ದು, ಕ್ಯೂಬಾದಲ್ಲೋ ಅಂಗೋಲಾದಲ್ಲೋ ಸೋವಿಯತ್ ಪ್ರಭಾವ ಇದ್ದರೆ ಅಮೆರಿಕ ಅಲ್ಲಿ ಕೂ ಮಾಡುತ್ತದೆ. ಅದು ಬ್ಯಾಟಲ್‌ಗ್ರೌಂಡ್, ಡೆಫ್‌ಕಾನ್ 1 ಆಗುತ್ತದೆ. ಸರದಿ ಸೋವಿಯತ್‌ನದು, ಹಾಗಾಗಿ ಸೋಲೂ ಸೋವಿಯತ್‌ನದು. 1 ಅಂಕಿಯ ಕಾರ್ಡ್ ಆದ್ದರಿಂದ ಬಾಹ್ಯಾಕಾಶಕ್ಕೂ ಕಳಿಸಲಾಗುವುದಿಲ್ಲ. ಡೆಫ್‌ಕಾನ್ 3 ಅಥವಾ ಹೆಚ್ಚಿರುವಾಗಲೇ ಇಳಿಸಿ ಮುಗಿಸಿ, ಇಲ್ಲವೇ ಮುಂದಿನ ಸುತ್ತಿಗೆ ಇಟ್ಟುಕೊಳ್ಳಿ. ಪ್ರತಿ ಸುತ್ತಿನ ಶುರುವಿಗೆ ಡೆಫ್‌ಕಾನ್ ಒಂದು ಮೆಟ್ಟಿಲು ಏರುತ್ತದೆ. ಮೊದಲ ಸರದಿಯಲ್ಲೇ ಇಳಿಸಿದರೆ ಸಾಮಾನ್ಯವಾಗಿ ಅಪಾಯ ಇಲ್ಲ.

ಅಮೆರಿಕದ ಕಡೆಯವರಿಗೆ ಇಂಥದ್ದೇ ಗಂಡಾಂತರ ‘ಲೋನ್ ಗನ್‌ಮ್ಯಾನ್’. ‘ಡಕ್ ಆ್ಯಂಡ್ ಕವರ್’, ‘ವಿ ವಿಲ್ ಬರಿ ಯೂ’ ಇವು ನೇರವಾಗಿ ಡೆಫ್‌ಕಾನ್ ಇಳಿಸುತ್ತವೆ. ಡೆಫ್‌ಕಾನ್ 2 ಇರುವಾಗ ಈ ಘಟನೆಗಳು ನಿಮ್ಮ ಸರದಿಯಲ್ಲಿ ನಡೆದರೆ ಮುಗಿಯಿತು. ಈ ನಾಲ್ಕು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಬೋರ್ಡ್ ಪಕ್ಕ ಇಡಿ.

ಇತಿಹಾಸ ಗೊತ್ತಿಲ್ಲದಿದ್ದರೆ ಆಡಬಹುದಾ?

ಆಡಬಹುದು. ಆದರೆ ಗೊತ್ತಿದ್ದರೆ ಕಾರ್ಡ್ ನೆನಪಿಡುವುದು ಸಲೀಸು. ಆಟದ ಅರ್ಧ ಕಷ್ಟ ಇರುವುದು ನೆನಪಿಡುವುದರಲ್ಲೇ. ಮತ್ತೆ, ಈ ಇತಿಹಾಸ ನಾವು ಅಂದುಕೊಂಡಷ್ಟು ದೂರದ್ದಲ್ಲ.

ಮತ್ತೆ ಇರಾನ್ ವಿಷಯಕ್ಕೇ ಬರುತ್ತೇನೆ. 1953ರಲ್ಲಿ ಅಲ್ಲಿನ ಪ್ರಧಾನಿ ಮೊಸಾದೆಗ್ ಅವರನ್ನು ಅಮೆರಿಕ ಮತ್ತು ಬ್ರಿಟನ್‌ನ ಗುಪ್ತಚರರು ಸೇರಿ ಕೆಳಗಿಳಿಸಿದರು, ಶಾ ಕೈಗೆ ಪೂರ್ತಿ ಅಧಿಕಾರ ಬಂತು. 1979ರಲ್ಲಿ ಕ್ರಾಂತಿ ಆಗಿ ಶಾ ಹೋದರು. ಈ ನಡುವೆ ನಮ್ಮ ಕುದುರೆಮುಖದ ಕಥೆ ಬರುತ್ತದೆ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾದದ್ದೇ ಇರಾನ್‌ಗೆ ಅದಿರು ಕಳಿಸಲು. ಸಾಲ ಕೊಡುವುದೂ ಇರಾನ್, ಅದಿರು ತಗೊಳ್ಳುವುದೂ ಇರಾನ್. ಘಟ್ಟದ ಮೇಲಿನಿಂದ ಪಣಂಬೂರಿನವರೆಗೆ ಸುಮಾರು 67 ಕಿಲೋಮೀಟರ್ ಪೈಪ್‌ನಲ್ಲಿ ಅದಿರಿನ ಕೆಸರು ಹರಿದು ಬರುವ ವ್ಯವಸ್ಥೆ ಆಯಿತು. ಅಷ್ಟರಲ್ಲಿ ಟೆಹ್ರಾನ್‌ನಲ್ಲಿ ಸರ್ಕಾರವೇ ಬದಲಾಯಿತು, ಇರಾನ್ ಹಿಂದೆ ಸರಿಯಿತು. ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಪಣಂಬೂರಿನಲ್ಲಿ ಪೆಲೆಟ್ ಕಾರ್ಖಾನೆ ಬಂದದ್ದು ಆಮೇಲೆ.

ಆಟದಲ್ಲಿ ‘ಇರಾನಿಯನ್ ಹಾಸ್ಟೇಜ್ ಕ್ರೈಸಿಸ್’ ಅನ್ನುವ ಲೇಟ್ ವಾರ್ ಕಾರ್ಡ್ ಇದೆ. ಅದು ನಡೆದರೆ ಇರಾನ್‌ನಲ್ಲಿದ್ದ ಅಮೆರಿಕದ ಪ್ರಭಾವ ಪೂರ್ತಿ ಅಳಿಸಿಹೋಗಿ ಸೋವಿಯತ್‌ಗೆ 2 ಸೇರುತ್ತದೆ. ಪಣಂಬೂರು ಕಡೆಯವರಿಗೆ ಈ ಕಾರ್ಡ್ ವಿವರಿಸುವಾಗ ಕುದುರೆಮುಖದ ಹೆಸರು ಹೇಳಿದರೆ ಸಾಕು, ಮತ್ತೆ ಮರೆಯುವುದಿಲ್ಲ. ಹಾಗೆಯೇ ನಕ್ಷೆಯ ‘ಗಲ್ಫ್ ಸ್ಟೇಟ್ಸ್’ ಅನ್ನುವ ಚೌಕ. ಗಲ್ಫ್‌ನಲ್ಲಿ ದುಡಿದವರು ಇಲ್ಲದ ಓಣಿ ನಮ್ಮ ಕಡೆ ಹುಡುಕಬೇಕು. ಇರಾನ್–ಇರಾಕ್ ಯುದ್ಧದ ಕಾರ್ಡೂ ಇದೆ. ಆ ವರ್ಷಗಳಲ್ಲಿ ಅಲ್ಲಿದ್ದ ಮಾವನೋ ಚಿಕ್ಕಪ್ಪನೋ ನಿಮ್ಮ ಮನೆಯಲ್ಲಿ ಇದ್ದರೆ ಒಮ್ಮೆ ಕೇಳಿ ನೋಡಿ.

ಆಟದಲ್ಲಿ ಭಾರತ ಏನು ಮಾಡುತ್ತದೆ?

ಭಾರತ ಒಂದು ಚೌಕ. ಬ್ಯಾಟಲ್‌ಗ್ರೌಂಡ್, ಸ್ಥಿರತೆ 3. ಅಕ್ಕಪಕ್ಕ ಪಾಕಿಸ್ತಾನ ಮತ್ತು ಬರ್ಮಾ. ‘ಇಂಡೋ-ಪಾಕಿಸ್ತಾನಿ ವಾರ್’ ಅನ್ನುವ ಕಾರ್ಡ್‌ನಲ್ಲಿ ದಾಳ ಹಾಕಿ ಗೆದ್ದರೆ 2 ಅಂಕ, ಜೊತೆಗೆ ಆ ದೇಶದಲ್ಲಿದ್ದ ಎದುರಾಳಿಯ ಪ್ರಭಾವವೆಲ್ಲ ನಿಮ್ಮದು.

ಇದು ನನಗೆ ಸ್ವಲ್ಪ ಬೇಸರ ತರುವ ವಿಷಯ, ಮುಚ್ಚಿಡುವುದಿಲ್ಲ. 1961ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಅಲಿಪ್ತ ದೇಶಗಳು ಸೇರಿ ‘ನಾವು ಯಾರ ಕಡೆಯೂ ಅಲ್ಲ’ ಅಂದವು. 1971ರಲ್ಲಿ ಸೋವಿಯತ್ ಜೊತೆ ಒಪ್ಪಂದ ಆದದ್ದೂ ಭಾರತದ ಸ್ವಂತ ಲೆಕ್ಕದಿಂದ. ಬೋರ್ಡ್ ಮೇಲೆ ಅಂಥ ದೇಶಗಳೆಲ್ಲ ಇಬ್ಬರು ಎಳೆದಾಡುವ ಜಾಗಗಳಷ್ಟೇ. ಆದರೆ ಆಟ ಮಾಡಿದವರು ಇದನ್ನು ತಿಳಿದೇ ಮಾಡಿದ್ದಾರೆ. ಶೀತಲ ಸಮರದವರ ನಂಬಿಕೆಗಳನ್ನು, ಸುಳ್ಳಾದವುಗಳನ್ನೂ ಸೇರಿಸಿ, ನಿಜ ಅಂತ ಒಪ್ಪಿಕೊಂಡೇ ಆಟ ನಡೆಯುತ್ತದೆ ಅಂತ ಅವರೇ ಬರೆದಿದ್ದಾರೆ. ವಾಷಿಂಗ್ಟನ್ ಮತ್ತು ಮಾಸ್ಕೋದ ಕುರ್ಚಿಯಿಂದ ನಮ್ಮ ದೇಶ ಹೇಗೆ ಕಾಣುತ್ತಿತ್ತು ಅಂತ ತಿಳಿಯಲು ಇದು ಒಳ್ಳೆಯ ದಾರಿ.

ಕಾರ್ಡ್‌ಗಳೆಲ್ಲ ಇಂಗ್ಲಿಷ್‌ನಲ್ಲಿವೆ. ಕನ್ನಡ ಮೀಡಿಯಂನಲ್ಲಿ ಓದಿದ ಅಪ್ಪನ ಜೊತೆ ಆಡಬೇಕು.

ಖಂಡಿತ ಆಗುತ್ತದೆ. ಅರ್ಲಿ ವಾರ್ ಕಾರ್ಡ್‌ಗಳಿಗೆ ಮಾತ್ರ ಒಂದೊಂದು ಸಾಲಿನ ಕನ್ನಡ ಬರೆದು ಕವರ್ ಒಳಗೆ ಚೀಟಿ ಇಡಿ. ಉದಾಹರಣೆಗೆ ‘ಬ್ಲಾಕೇಡ್’ಗೆ: ಅಮೆರಿಕ 3 ಅಥವಾ ಹೆಚ್ಚು ಅಂಕಿಯ ಕಾರ್ಡ್ ಬಿಸಾಡಬೇಕು, ಇಲ್ಲದಿದ್ದರೆ ಪಶ್ಚಿಮ ಜರ್ಮನಿಯ ಪ್ರಭಾವವೆಲ್ಲ ಹೋಯಿತು. ಹಾಗೆ ಬರೆಯುವಾಗ ನಿಮಗೇ ಕಾರ್ಡ್‌ಗಳು ಬಾಯಿಪಾಠ ಆಗುತ್ತವೆ. ನಾಸರ್, ಕ್ಯಾಸ್ಟ್ರೋ, ಸೂಯೆಜ್ ಅಂದರೆ ಆ ಕಾಲದ ಪತ್ರಿಕೆ ಓದಿದ ಹಿರಿಯರಿಗೆ ನೀವು ವಿವರಿಸಬೇಕಾಗಿಯೇ ಇಲ್ಲ, ಅವರೇ ನಿಮಗೆ ಹೇಳುತ್ತಾರೆ.

ಮಳೆಗಾಲದಲ್ಲಿ ಕಾರ್ಡ್‌ಗಳು ಅಂಟಿಕೊಳ್ಳುತ್ತವೆ, ಬೋರ್ಡ್ ಬಾಗುತ್ತದೆ.

ನಮ್ಮ ಕರಾವಳಿಯ ತೇವಕ್ಕೆ ಬೇರೆ ಉಪಾಯ ಇಲ್ಲ. ಎಲ್ಲ ಕಾರ್ಡ್‌ಗಳಿಗೂ ಪ್ಲಾಸ್ಟಿಕ್ ಕವರ್ ಹಾಕಿ. ಪೆಟ್ಟಿಗೆಯನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ನೆಲಕ್ಕೂ ಹೊರಗೋಡೆಗೂ ತಾಗಿಸಿ ಇಡಬೇಡಿ. ಗೋಳಿಬಜೆ ತಿನ್ನುವುದಿದ್ದರೆ ಆಟ ನಿಲ್ಲಿಸಿ ತಿನ್ನಿ, ಎಣ್ಣೆ ಕೈ ಕಾರ್ಡ್‌ಗೆ ಬೇಡ.

ಒಂದು ಆಟಕ್ಕೆ ಎಷ್ಟು ಹೊತ್ತು? ಜೊತೆಗಾರರು ಸಿಗದಿದ್ದರೆ?

ರೂಢಿ ಆದವರಿಗೆ ಎರಡು ಮೂರು ಗಂಟೆ. ಹೊಸಬರಿಗೆ ಇನ್ನೂ ಜಾಸ್ತಿ. ಮೂರು ಸುತ್ತಿನ ಅಭ್ಯಾಸ ಭಾನುವಾರ ಊಟಕ್ಕೆ ಮುಂಚೆ ಮುಗಿಯುತ್ತದೆ.

ಜೊತೆಗಾರರ ವಿಷಯದಲ್ಲಿ ನನ್ನ ಸಲಹೆ: ತುಂಬಾ ಬಲ್ಲವರನ್ನು ಹುಡುಕಬೇಡಿ. ನಿಮ್ಮಷ್ಟೇ ಗೊತ್ತಿರುವ, ವಾರ ವಾರ ಬರುವ ಒಬ್ಬರು ಸಾಕು. ಬಲ್ಲವರ ಎದುರು ಮೂರನೇ ಸುತ್ತಿಗೇ ಸೋತರೆ ಕಾರ್ಡ್‌ಗಳನ್ನು ನೋಡುವುದಕ್ಕೇ ಆಗುವುದಿಲ್ಲ. ಬಲ್ಲವರೇ ಸಿಕ್ಕಿದರೆ ಅವರು ಅಮೆರಿಕ ತಗೊಳ್ಳಲಿ. ಮೊದಲ ಸುತ್ತುಗಳಲ್ಲಿ ಸೋವಿಯತ್ ಕಡೆ ಗಾಳಿ ಇರುತ್ತದೆ, ಕಲಿಯುವವರಿಗೆ ಅದು ಆಸರೆ.

ಫೋನ್‌ನಲ್ಲಿ, ಕಂಪ್ಯೂಟರ್‌ನಲ್ಲಿ ಆಡಿ ಕಲಿಯಬಹುದಾ?

ಪ್ಲೇಡೆಕ್ ಮಾಡಿದ ಡಿಜಿಟಲ್ ಆವೃತ್ತಿ 2016ರಲ್ಲಿ ಬಂತು. ಎಲ್ಲಿ ಕೂ ಮಾಡಬಹುದು, ಎಲ್ಲಿ ಪ್ರಭಾವ ಇಡಬಹುದು ಅಂತ ಅದೇ ತೋರಿಸುತ್ತದೆ. ಕಾರ್ಡ್‌ಗಳ ಪರಿಚಯಕ್ಕೆ ಒಳ್ಳೆಯದು. ಲೆಕ್ಕವನ್ನೆಲ್ಲ ಯಂತ್ರವೇ ಮಾಡುವುದರಿಂದ ಅಂಕ ಹೇಗೆ ಬಂತು ಅನ್ನುವುದು ಮನಸ್ಸಿಗೆ ಇಳಿಯುವುದಿಲ್ಲ. ಮೊದಲ ಕೆಲವು ಆಟ ಬೋರ್ಡ್ ಮೇಲೆ, ಆಮೇಲೆ ಫೋನ್.

ಅಮೆರಿಕ ಆಡಿದಾಗೆಲ್ಲ ಮೂರು ನಾಲ್ಕನೇ ಸುತ್ತಿಗೇ ಮುಳುಗುತ್ತೇನೆ.

ಏಷ್ಯಾದ ಅಂಕ ನೋಡಿ. ಬರೀ ಇರುವಿಕೆಗೆ (ಒಂದು ದೇಶವಾದರೂ ಹಿಡಿತದಲ್ಲಿ) 3, ಮೇಲುಗೈಗೆ (ಎದುರಾಳಿಗಿಂತ ಹೆಚ್ಚು ದೇಶ, ಹೆಚ್ಚು ಬ್ಯಾಟಲ್‌ಗ್ರೌಂಡ್) 7, ಪೂರ್ತಿ ಹಿಡಿತಕ್ಕೆ (ಹೆಚ್ಚು ದೇಶ, ಎಲ್ಲ ಬ್ಯಾಟಲ್‌ಗ್ರೌಂಡ್) 9, ಇದರ ಮೇಲೆ ನಿಮ್ಮ ಹಿಡಿತದ ಪ್ರತಿ ಬ್ಯಾಟಲ್‌ಗ್ರೌಂಡ್‌ಗೆ 1. ಎದುರಾಳಿಗೆ ಮೇಲುಗೈ ಇದ್ದು ನಿಮ್ಮದು ಒಂದು ದೇಶವೂ ಇಲ್ಲದಿದ್ದರೆ ಪೆಟ್ಟು ಪೂರ್ತಿ ಬೀಳುತ್ತದೆ. ಮೊದಲ ಮೂರು ಸುತ್ತಿನಲ್ಲಿ ಅಮೆರಿಕ ಎಲ್ಲ ಕಡೆ ಗೆಲ್ಲಬೇಕಿಲ್ಲ. ಮೇಲುಗೈ ಸಿಗದಂತೆ ತಡೆದರೆ ಸಾಕು: ಥಾಯ್ಲೆಂಡ್‌ಗೆ ಬೇಗ ಹೋಗಿ, ದಕ್ಷಿಣ ಕೊರಿಯಾ ಮತ್ತು ಜಪಾನ್ ಗಟ್ಟಿ ಮಾಡಿ. ಮಿಡ್ ವಾರ್‌ನಿಂದ ಕಾರ್ಡ್‌ಗಳು ನಿಧಾನವಾಗಿ ನಿಮ್ಮ ಕಡೆ ತಿರುಗುತ್ತವೆ. ಅಲ್ಲಿವರೆಗೆ ಹತ್ತು ಹನ್ನೆರಡು ಅಂಕ ಹಿಂದೆ ಇದ್ದರೂ ಆಟ ಕೈಬಿಡಬೇಡಿ.

ಪ್ರತಿ ಸುತ್ತಿನ ಕೊನೆಯಲ್ಲಿ ಡೆಫ್‌ಕಾನ್ ಅಂಕಿಯಷ್ಟು ಸೇನಾ ಕಾರ್ಯಾಚರಣೆ (ಕೂ ಮಾಡಿದ ಕಾರ್ಡ್‌ನ ಅಂಕಿ ಇದಕ್ಕೆ ಸೇರುತ್ತದೆ) ಆಗಿರಬೇಕು, ಕಡಿಮೆಯಾದಷ್ಟೂ ಅಂಕ ಎದುರಾಳಿಗೆ. ಸೋವಿಯತ್ ಮೊದಲೇ ಕೂ ಮಾಡಿ ಡೆಫ್‌ಕಾನ್ ಇಳಿಸಿಬಿಟ್ಟರೆ ನಿಮಗೆ ಒಳ್ಳೆಯ ಜಾಗವೇ ಉಳಿದಿರುವುದಿಲ್ಲ. ಆಗ ಬ್ಯಾಟಲ್‌ಗ್ರೌಂಡ್ ಅಲ್ಲದ ದೇಶದಲ್ಲಿ ಸಣ್ಣ ಕೂ ಮಾಡಿ ಲೆಕ್ಕ ಭರ್ತಿ ಮಾಡಿ.

ಇದು ಬಂತು. ಮುಂದೆ ಯಾವ ಆಟ?

ಅದೇ ಇಬ್ಬರು ಮಾಡಿದ ‘ಇಂಪೀರಿಯಲ್ ಸ್ಟ್ರಗಲ್’, 2020ರದ್ದು. ಬ್ರಿಟನ್ ಮತ್ತು ಫ್ರಾನ್ಸ್ ನಡುವಿನ ಪೈಪೋಟಿ, 1697ರಿಂದ 1789. ಅದರಲ್ಲಿ ಭಾರತ ಒಂದು ಚೌಕವಲ್ಲ, ಪ್ರತ್ಯೇಕ ಪ್ರದೇಶವೇ ಇದೆ. ಹೈದರಾಲಿ, ಟಿಪ್ಪು ಫ್ರೆಂಚರ ಜೊತೆ ಸೇರಿ ಕಂಪನಿ ವಿರುದ್ಧ ಹೋರಾಡಿದ್ದು, 1784ರಲ್ಲಿ ಮಂಗಳೂರಿನಲ್ಲೇ ಒಪ್ಪಂದ ಆದದ್ದು, ಎಲ್ಲವೂ ಆ ಕಾಲದ್ದೇ. ನಿಯಮ ಇದಕ್ಕಿಂತ ಜಾಸ್ತಿ, ಕಲಿಯಲು ಇನ್ನೂ ನಿಧಾನ. ಅಷ್ಟು ಬೇಡ, ಚಿಕ್ಕದು ಸಾಕು ಅನ್ನುವವರಿಗೆ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಮೇಲಿನ ‘13 ಡೇಸ್’ ಇದೆ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಡೆಫ್‌ಕಾನ್‌ನ ಭಯ ಅದರಲ್ಲೂ ಇದೆ. ಇನ್ನೂ ಪೆಟ್ಟಿಗೆ ಕೊಳ್ಳದವರು ಅದನ್ನೇ ಮೊದಲು ಆಡಿ ನೋಡಿದರೂ ನಡೆಯುತ್ತದೆ.